ಮಸಿ ಬಿದ್ದ ಹನ್ನೊಂದು ಜಾಗ

"ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಈ ನಾಕು ಸೀಮೆಯೊಳಗೆ ಒಲೆಯಿಂದ ಹೊಗೆ ಏಳೋ ಯಾವ ಮನೆಯನ್ನಾದ್ರೂ ತೋರಿಸ್ರಿ. ಎಲೆಗೆ ಸುಣ್ಣ ಸವರಿ ಬಾಯಿಗಿಡೋದ್ರೊಳಗೆ ಆ ಮನೆಯ ಹತ್ತು ತಲೆಮಾರು ಹೇಳಿಬಿಡ್ತೈತೆ ಈ ಪುಸ್ತಕ. ಒಂದೇ ಒಂದು ಹೆಸ್ರು ತಪ್ಪಿದ್ರೆ, ಹೆಳವನ ಎತ್ತಿನ ಮೇಲೆ ಹಿಂದುಮುಂದಾಗಿ ಕುಂತು ಊರು ಸುತ್ತುತೀನಿ."

ನಲ್ಲೂರಿನ ಬಂಗಾರಪ್ಪಗೌಡರು ಈ ಮಾತನ್ನು ಆಡಿದ್ದು 1942ರಲ್ಲಿ, ಯುಗಾದಿ ಕಳೆದ ಎರಡನೇ ವಾರ, ನ್ಯಾಮತಿಯಲ್ಲಿ, ವಂಶಾವಳಿಯ ಪುಸ್ತಕ ಬಿಡುಗಡೆಯಾದ ಸಭೆಯಲ್ಲಿ. ಅವರು 'ನಾಲ್ಕು ಸೀಮೆಯ ಚರಿತ್ರೆ ಮತ್ತು ವಂಶಾವಳಿ ಸಂಘ'ದ ಅಧ್ಯಕ್ಷರು. ಅವರ ಮೀಸೆಯ ಅಳತೆ ಬಲ್ಲವರು ಹೇಳುವ ಪ್ರಕಾರ, ಅದರ ಎಡತುದಿಗೆ ಬಿಸಿಲು ಬಿದ್ದು ಅರ್ಧ ಗಂಟೆಯಾದ ಮೇಲೆ ಬಲತುದಿಗೆ ಬೆಳಗಾಗುತ್ತಿತ್ತು. ಆ ಮೀಸೆಯ ಮೇಲೆ ಕೈಯಾಡಿಸಿ ಗೌಡರು ಇನ್ನೂ ಒಂದು ಮಾತು ಸೇರಿಸಿದರು: "ಮೊದಲನೇ ಪುಟ ತೆಗೆದು ನೋಡ್ರಿ. ನಮ್ಮದೇ ಮನೆತನ. ಹತ್ತು ತಲೆಮಾರು ಗಂಡು ತಪ್ಪಿಲ್ಲ."

ಜನ ಚಪ್ಪಾಳೆ ತಟ್ಟಿದರು. ಹಿಂದೆ ಬೇವಿನ ಮರದ ಕೆಳಗೆ ತನ್ನ ಎತ್ತಿನ ಕೊರಳು ತುರಿಸುತ್ತ ನಿಂತಿದ್ದ ಉಚ್ಚಂಗೆಪ್ಪನೂ ತಟ್ಟಿದ. ಆ ಪುಸ್ತಕದಲ್ಲಿದ್ದ ಪ್ರತಿಯೊಂದು ಹೆಸರೂ ಅವನ ಬಾಯಿಂದ ಬಂದದ್ದು. ವೇದಿಕೆಯ ಮೇಲೆ ಅವನಿಗೆ ಜಾಗ ಮಾಡಿರಲಿಲ್ಲ. ಎತ್ತಿಗಂತೂ ಇಲ್ಲವೇ ಇಲ್ಲ.

ಉಚ್ಚಂಗೆಪ್ಪ ಹೆಳವ. ಹೆಳವನೆಂದರೆ ಕಾಲಿಲ್ಲದವನು ಎಂದರ್ಥ. ಅವರ ಮೂಲಪುರುಷನೊಬ್ಬ ಕುಂಟನಾಗಿದ್ದನಂತೆ, ಅವನಿಗೆ ಓಡಾಡಲು ಒಂದು ಎತ್ತು ಕೊಟ್ಟು, "ಒಕ್ಕಲು ಮಕ್ಕಳ ವಂಶ ಹೇಳಿಕೊಂಡು ಉಣ್ಣು" ಎಂದರಂತೆ. ಅಂದಿನಿಂದ ಹೆಳವರು ಎತ್ತಿನ ಮೇಲೆ ಕೂತು, ಕಾಲಿನ ಮೇಲೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಮನೆ ಮುಂದೆ ನಿಲ್ಲುತ್ತಾರೆ. ಉಚ್ಚಂಗೆಪ್ಪನ ಕಾಲೇನೂ ಸೊಟ್ಟಗಿರಲಿಲ್ಲ. ಒಮ್ಮೆ ಬಿಳಿಚೋಡಿನ ಹತ್ತಿರ ಅವನ ಎತ್ತು ಹುಚ್ಚೆದ್ದು ಓಡಿದಾಗ ಅವನು ಅದನ್ನು ಜಗಳೂರು ದಾಟಿಸಿ, ಸುಸ್ತು ಮಾಡಿ, ಹೆಗಲ ಮೇಲೆ ಹೊತ್ತು ತಂದನೆಂದು ಹೇಳುವವರಿದ್ದಾರೆ. ಆದರೂ ಒಕ್ಕಲ ಮನೆಯ ಬಾಗಿಲಿಗೆ ಬಂದನೆಂದರೆ ಅವನಿಗೆ ಕಾಲಿಲ್ಲ. ಅದು ಆಚಾರ.

ಬಾಗಿಲಲ್ಲಿ ನಿಂತು ಅವನು ಆ ಮನೆಯವರ ಮೂಲ ಯಾವ ಊರು, ಬೆಡಗು ಯಾವುದು, ಯಾರ ತರುವಾಯ ಯಾರು, ಯಾವ ಮನೆಯಿಂದ ಹೆಣ್ಣು ತಂದರು ಎಲ್ಲವನ್ನೂ ಒಂದೇ ಉಸಿರಿಗೆ ಹರಿಯಬಿಡುತ್ತಿದ್ದ. ಬೆಡಗು ಎಂದರೆ ಒಂದೇ ಬಳ್ಳಿಯ ಮನೆಗಳು. ಒಂದೇ ಬೆಡಗಿನವರು ಅಣ್ಣ-ತಂಗಿ ಇದ್ದಂತೆ, ಅವರಲ್ಲಿ ಹೆಣ್ಣು ಕೊಟ್ಟು ತರುವಂತಿಲ್ಲ. ಕೇಳಿಸಿಕೊಂಡವರು ಮೊರದ ತುಂಬ ಜೋಳ ತಂದು ಅವನ ಚೀಲಕ್ಕೆ ಸುರಿಯುತ್ತಿದ್ದರು.

ಈ ನಡೆದಾಡುವ ಕಡತವನ್ನು ಸಂಘಕ್ಕೆ ಹಿಡಿದು ತಂದವರು ಕಾರ್ಯದರ್ಶಿ ನಾಗೇಂದ್ರಪ್ಪ ಮೇಷ್ಟ್ರು. ಸಂಘದ ಸದಸ್ಯರು ಹದಿನೇಳು ಮಂದಿ. ಸಭೆಗೆ ಬರುತ್ತಿದ್ದವರು ಇಬ್ಬರು, ಅಧ್ಯಕ್ಷರು ಮತ್ತು ಕಾರ್ಯದರ್ಶಿ. ನ್ಯಾಮತಿ ಆಗ ತಾಲ್ಲೂಕಲ್ಲದಿದ್ದರೂ ಅದನ್ನೊಂದು ಸೀಮೆಯೆಂದು ಎಣಿಸಿದ್ದು ಮೇಷ್ಟ್ರ ಮನೆ ಅಲ್ಲಿತ್ತೆಂಬ ಕಾರಣಕ್ಕೆ. ಆ ಮನೆಯ ಹಿಂದಿನ ಕೋಣೆಯೇ ಸಂಘದ ಕಚೇರಿ. ಅಲ್ಲಿ ಹುಳ ತಿಂದ ಕಡತಗಳಿದ್ದವು, ಊರೂರಿನ ವೀರಗಲ್ಲುಗಳ ಚಿತ್ರಗಳಿದ್ದವು, ಪಾಳೆಗಾರರ ಕಾಲದ್ದೆಂದು ಯಾರೋ ಕೊಟ್ಟ ಕತ್ತಿಯೊಂದಿತ್ತು. ಅದು ತಮ್ಮ ತೌರಿನಲ್ಲಿ ತೆಂಗಿನಕಾಯಿ ಕೆತ್ತುತ್ತಿದ್ದ ಮಚ್ಚು ಎಂದು ಮೇಷ್ಟ್ರ ಹೆಂಡತಿ ಸಾವಂತ್ರಮ್ಮ ಗುರುತು ಹಿಡಿದ ಮೇಲೂ ಅದು ಅಲ್ಲೇ ಇತ್ತು. ಮೇಷ್ಟ್ರ ಅಕ್ಷರವೋ, ಇರುವೆಗಳು ಬಂದು ಸಾಲು ಹಿಡಿಯುವುದನ್ನು ಕಲಿತು ಹೋಗುವಂಥದ್ದು.

1940ರ ಬೇಸಿಗೆಯಲ್ಲಿ ಉಚ್ಚಂಗೆಪ್ಪನನ್ನು ಕರೆಸಿ ಕುರ್ಚಿಯ ಮೇಲೆ ಕೂರಿಸಿದರು. ಮೇಷ್ಟ್ರು ದೌತಿಯ ಮುಚ್ಚಳ ತೆಗೆದು, ಮಸಿಯಲ್ಲಿ ಲೇಖನಿ ಅದ್ದಿ ಕಾದರು. ಉಚ್ಚಂಗೆಪ್ಪ ಬಾಯಿ ತೆರೆದ, ಮುಚ್ಚಿದ.

"ಯಾಕಪ್ಪಾ?"

"ಬರಾಕಿಲ್ರೀ ಮೇಷ್ಟ್ರೇ. ಇದು ಅಳ್ಳಾಡಾಕಿಲ್ಲ."

"ಯಾವುದು?"

"ಕುರ್ಚಿ. ಎತ್ತು ಉಸಿರಾಡ್ತೈತೆ. ಅದು ಉಸಿರಾಡಿದಂಗೆ ನಂಗೆ ಹೆಸ್ರು ಬರ್ತಾವೆ."

ಕೊನೆಗೆ ಎತ್ತನ್ನು ಹಿತ್ತಲ ಬಾಗಿಲಿನಿಂದ ಕೋಣೆಯ ಕಿಟಕಿಯ ಬಳಿಗೆ ತಂದರು. ಹೊರಗೆ ಎತ್ತಿನ ಮೇಲೆ ಉಚ್ಚಂಗೆಪ್ಪ, ಒಳಗೆ ಮೇಜಿನ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಮೇಷ್ಟ್ರು. ಇಬ್ಬರ ಮುಖವೂ ಒಂದೇ ಎತ್ತರಕ್ಕೆ ಬಂದ ಮೇಲೆ ಕೆಲಸ ಶುರುವಾಯಿತು. ಎರಡು ತಿಂಗಳು ನಡೆಯಿತು. ಎತ್ತು ಕಿಟಕಿಗೆ ಮುಖ ಹಾಕಿ ಚನ್ನಗಿರಿ ಸೀಮೆಯ ಕಡತವೊಂದನ್ನು ಪೂರ್ತಿ ತಿಂದಿತು. ಚರಿತ್ರೆಯನ್ನು ಅಷ್ಟು ಚೆನ್ನಾಗಿ ಅರಗಿಸಿಕೊಂಡ ಪ್ರಾಣಿ ಸಂಘದಲ್ಲಿ ಇನ್ನೊಂದಿರಲಿಲ್ಲ.

ಉಚ್ಚಂಗೆಪ್ಪನಿಗೆ ಒಳಗೊಂದು ಅಳುಕಿತ್ತು. ಒಂದು ಮನೆಯ ವಂಶವನ್ನು ಆ ಮನೆಯ ಬಾಗಿಲಲ್ಲೇ ಹೇಳಬೇಕು, ಬೇರೆ ಬಾಗಿಲಲ್ಲಿ ಹೇಳಬಾರದು ಎಂದು ಅವನ ಅಪ್ಪ ಕಲಿಸಿದ್ದ. ಮೇಷ್ಟ್ರು ಸಮಾಧಾನ ಮಾಡಿದರು: "ನೋಡು, ನಿನಗೆ ಗಂಡುಮಕ್ಕಳಿಲ್ಲ. ಇರೋಳು ಒಬ್ಬಳೇ ಮಗಳು. ಹೆಳವಿಕೆ ಹೆಣ್ಣಿಗೆ ಬರೋದಿಲ್ಲ. ನಾಳೆ ನಿನ್ನ ಜೊತೆ ಇಷ್ಟೂ ಮಣ್ಣಿಗೆ ಹೋಗ್ತದೆ. ಸಂಘದ ಬಾಗಿಲು ಅಂದ್ರೆ ನಾಕು ಸೀಮೆಯ ಬಾಗಿಲೇ ಅಂದುಕೋ." ಅದು ನಿಜವಿದ್ದಂತೆ ಕಂಡಿತು. ಮಗಳು ಚೌಡಮ್ಮ ನೆನಪಿನಲ್ಲಿ ಅಪ್ಪನಿಗಿಂತ ಒಂದು ಹಿಡಿ ಮೇಲೇ ಇದ್ದಳು. ಆದರೆ ಎತ್ತಿನ ಮೇಲೆ ಹೆಣ್ಣು ಕೂತದ್ದನ್ನು ಯಾವ ಒಕ್ಕಲೂ ಕಂಡಿರಲಿಲ್ಲ. ಉಚ್ಚಂಗೆಪ್ಪ ಒಪ್ಪಿದ.

ಯುದ್ಧದಿಂದ ಕಾಗದ ತುಟ್ಟಿಯಾಗಿತ್ತು, ಸಿಕ್ಕಿದ್ದೂ ಕಡಿಮೆ. ಬಂಗಾರಪ್ಪಗೌಡರು ಒಂದು ನಿಯಮ ಮಾಡಿದರು. ಹೆಣ್ಣುಮಕ್ಕಳ ಹೆಸರು ಬರೆಯುವುದು ಬೇಡ, ಅರ್ಧ ಕಾಗದ ಉಳಿಯುತ್ತದೆ.

ಆದರೆ ಉಚ್ಚಂಗೆಪ್ಪನಿಗೆ ಬಿಟ್ಟು ಹೇಳಲು ಬರುತ್ತಿರಲಿಲ್ಲ. "ಅವ್ರಿಗೆ ಇಂಥವಳು ಹೆಂಡ್ತಿ, ಅವಳ ತೌರು ಇಂಥ ಊರು" ಎಂದು ಹೇಳದೆ ಮಗನ ಹೆಸರು ಬಾಯಿಗೇ ಬರುತ್ತಿರಲಿಲ್ಲ. ನಡುವೆ ತಡೆದರಂತೂ ಮುಗಿಯಿತು, ಮತ್ತೆ ಮೊದಲಿನಿಂದಲೇ ಹೇಳಬೇಕು. ಮೇಷ್ಟ್ರು ಒಂದು ಉಪಾಯ ಕಂಡುಕೊಂಡರು. ಗಂಡಿನ ಹೆಸರು ಬಂದಾಗ ಬರೆಯುವುದು, ಹೆಣ್ಣಿನ ಹೆಸರು ಬಂದಾಗ ಲೇಖನಿಯನ್ನು ದೌತಿಗೆ ಅದ್ದುವುದು. ಲೆಕ್ಕ ಸರಿಯಾಗಿ ಕೂತಿತು. ನಾಲ್ಕು ಸೀಮೆಯ ಅಜ್ಜಿಯರೂ ಮುತ್ತಜ್ಜಿಯರೂ ಮೇಷ್ಟ್ರಿಗೆ ಮಸಿ ತುಂಬಿಕೊಳ್ಳಲು ಸಮಯ ಒದಗಿಸಿಕೊಟ್ಟು ಹೋದರು.

ಆಗೊಮ್ಮೆ ಈಗೊಮ್ಮೆ ಮಾತ್ರ ಎರಡು ಹೆಣ್ಣಿನ ಹೆಸರು ಒಟ್ಟಿಗೆ ಬಂದುಬಿಡುತ್ತಿತ್ತು. ಮೇಷ್ಟ್ರು ಎರಡು ಸಲ ಅದ್ದುತ್ತಿದ್ದರು. ಲೇಖನಿ ಹೊಟ್ಟೆ ಬಿರಿಯ ಕುಡಿದು ಹಾಳೆಯ ಮೇಲೆ ಮಸಿ ಕಕ್ಕುತ್ತಿತ್ತು. ಅವರು ಅದನ್ನು ಒರೆಸಿ, ಪಂಚೆಯ ಚುಂಗನ್ನು ನೋಡಿಕೊಂಡು ಗೊಣಗುವಷ್ಟರಲ್ಲಿ ಉಚ್ಚಂಗೆಪ್ಪ ಮುಂದೆ ಹೋಗಿರುತ್ತಿದ್ದ. ಸಿಕ್ಕಿದ ಮುಂದಿನ ಗಂಡು ಹೆಸರನ್ನು ಅವರು ಬರೆದುಕೊಳ್ಳುತ್ತಿದ್ದರು. ಎರಡು ತಿಂಗಳಲ್ಲಿ ಹೀಗೆ ಹನ್ನೊಂದು ಸಲ ಆಯಿತು.

ಪುಸ್ತಕ ಬಂದ ದಿನ, ಸಭೆ ಮುಗಿದ ಮೇಲೆ ಉಚ್ಚಂಗೆಪ್ಪ ಮೇಷ್ಟ್ರ ಬಳಿ ಹೋಗಿ ತನ್ನ ಮನೆತನವೂ ಇದೆಯೇ ಎಂದು ಕೇಳಿದ. ಅವನಿಗೆ ಓದಲು ಬಾರದು. ಮೇಷ್ಟ್ರು ಹೆಮ್ಮೆಯಿಂದ ಕೊನೆಯ ಪುಟ ತೆಗೆದು ಓದಿದರು: "ಹೆಳವರ ಉಚ್ಚಂಗೆಪ್ಪ. ಸಂತಾನವಿಲ್ಲ."

ಉಚ್ಚಂಗೆಪ್ಪ ಎತ್ತಿನ ಕಡೆ ನೋಡಿದ. ಆಮೇಲೆ ಪುಸ್ತಕದ ಕಡೆ.

"ಹಂಗಾದ್ರೆ ನಿನ್ನೆ ನಂಗೆ ರೊಟ್ಟಿ ಬಡಿದು ಕೊಟ್ಟೋಳು ಯಾರ್ರೀ ಮೇಷ್ಟ್ರೇ?"

"ಕಾಗದ ಸಾಲಲಿಲ್ಲಪ್ಪ," ಎಂದರು ಮೇಷ್ಟ್ರು. ಅವರಿಗೂ ಮುಖ ಸಣ್ಣದಾಗಿತ್ತು. ಉಚ್ಚಂಗೆಪ್ಪ ಎತ್ತು ಹತ್ತಿ ಹೊರಟ. ಆ ದಾರಿಯುದ್ದಕ್ಕೂ ಅವನು ಗಂಟೆ ಬಾರಿಸಲಿಲ್ಲ.

ಮರುವರ್ಷದಿಂದ ಅವನ ಚೀಲ ಹಗುರಾಯಿತು. ಪುಸ್ತಕ ಸೇರಿದ ಮನೆಗಳಲ್ಲಿ ಹೆಳವನಿಗೇನು ಕೆಲಸ? ನಲ್ಲೂರಿನ ಬೆನಕಪ್ಪ ಎಂಬ ರೈತ, ಮನುಷ್ಯ ಕೆಟ್ಟವನಲ್ಲ, ಬಾಗಿಲಲ್ಲೇ ಹೇಳಿದ: "ಬುಕ್ ತಂದಿಟ್ಟೀನಪ್ಪ. ಗೂಟಕ್ಕೆ ನೇತು ಹಾಕಿದ್ರೆ ತಾನೇ ಇರ್ತೈತೆ, ಜೋಳನೂ ಕೇಳಾಕಿಲ್ಲ, ಹುಲ್ಲೂ ಕೇಳಾಕಿಲ್ಲ. ನಿನ್ ಮಾತು ಗಾಳಿ. ಬುಕ್ಕಿನ ಮಾತು ಕಲ್ಲು." ಉಚ್ಚಂಗೆಪ್ಪ ಕಂಬಳಿ ಸರಿಪಡಿಸಿಕೊಂಡು ಮುಂದಿನ ಮನೆಗೆ ಹೋದ. ಅಪ್ಪ ಹೇಳಿದ್ದು ಸರಿಯಿತ್ತು ಎಂದು ಅನ್ನಿಸಿದ್ದು ಆಗ. ಹತ್ತು ಸಾವಿರ ಬಾಗಿಲಲ್ಲಿ ಹೇಳಬೇಕಾದ್ದನ್ನು ಒಂದು ಕಿಟಕಿಯಲ್ಲಿ ಹೇಳಿಬಿಟ್ಟಿದ್ದ.

1944ರ ಮಾಘ ಮಾಸದಲ್ಲಿ ನ್ಯಾಮತಿಯ ಹೊರಗೆ ಒಂದು ಕಣದಲ್ಲಿ ಅವನು ಎತ್ತಿಗೆ ಸೊಪ್ಪೆ ಹಾಕುತ್ತಿದ್ದಾಗ, ಮೈಯೆಲ್ಲ ಮಸಿಯಾದ ಮುದುಕಿಯೊಬ್ಬಳು ದಾರಿಯಲ್ಲಿ ಬಂದಳು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಕಾಲ. ಹಿಂದಿನ ಸೀಟಿನಲ್ಲಿ ಬಿಳಿ ಸೀರೆ ಉಟ್ಟು ಕೂತವರು ಇಳಿಯುವಾಗ ಅವರ ಮನೆಯವರೇ ಗುರುತು ಹಿಡಿಯುತ್ತಿರಲಿಲ್ಲ. ದನಿ ಕೇಳಿದ ಮೇಲೆ ಉಚ್ಚಂಗೆಪ್ಪನಿಗೆ ತಿಳಿಯಿತು. ಬಿಳಿಚೋಡಿನ ಗಾದ್ರಮ್ಮ.

"ಹೆಳವಣ್ಣ, ಎಲ್ಲೆಲ್ಲಿ ಹುಡುಕಿದೆ ನಿನ್ನ. ನನ್ ಮೊಮ್ಮಗಳ ಲಗ್ನ ಮುರಿದು ಬೀಳಂಗೈತೆ."

"ಕುಂತ್ಕ ಗಾದ್ರಕ್ಕ. ನೀರು ಕುಡಿ ಮೊದ್ಲು. ಯಾರಿಗೆ ಕೊಡಾಕೆ ಮಾಡಿದ್ದೆ ಕೆಂಪಕ್ಕನ್ನ?"

"ನಲ್ಲೂರು ಬೆನಕಪ್ಪನ ಮಗ ತಿಪ್ಪೇಶಪ್ಪಗೆ."

ಗಾದ್ರಮ್ಮ ನೀರು ಕುಡಿದು ಹೇಳಿದ್ದು ಇಷ್ಟು. ವೀಳ್ಯದ ಶಾಸ್ತ್ರಕ್ಕೆ ಗಂಡಿನ ಕಡೆಯವರು ಬಂದಿದ್ದರು. ಜೊತೆಗೆ ಬಂಗಾರಪ್ಪಗೌಡರನ್ನೂ ಕರೆತಂದಿದ್ದರು. ಗೌಡರು ಎರಡೂ ಮನೆತನ ಓದುತ್ತೇನೆಂದು ಪುಸ್ತಕ ತೆಗೆದರು. ಬೆನಕಪ್ಪನ ಮನೆ ಮಿಂಚಿನ ಬೆಡಗು. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಆಮೇಲೆ ಗಾದ್ರಮ್ಮನ ಮನೆಯದನ್ನು ಓದಿದರು: ಮಿಂಚಿನ ಬೆಡಗಿನ ಜುಂಜಪ್ಪ, ಅವನ ಮಗ ಓಬಳಪ್ಪ, ಅವನ ಮಗ, ಮೊಮ್ಮಗ. ಓದುತ್ತ ಓದುತ್ತ ಗೌಡರ ದನಿಯೇ ಸಣ್ಣದಾಯಿತು. ಒಂದೇ ಬೆಡಗು ಎಂದಮೇಲೆ ಹುಡುಗ ಹುಡುಗಿ ಅಣ್ಣ-ತಂಗಿ.

"ನಾವು ಹಂದರದ ಬೆಡಗಿನೋರು ಅಂತ ನಮ್ಮತ್ತೆ ಹೇಳಿದ್ಲು, ನಾನೂ ಅದನ್ನೇ ಹೇಳ್ದೆ. ಆದ್ರೆ ಊರಾಗೆ ಇವತ್ತಿಗೂ ನಮ್ ಮನೇನ ಮಿಂಚಿನೋರ ಮನೆ ಅಂತಾರೆ. ಬೆನಕಪ್ಪ ಅಂದ, ಮನೆ ಹೆಸ್ರು ಮಿಂಚಿನೋರು, ಬುಕ್ಕಿನ್ಯಾಗೆ ಮಿಂಚಿನೋರು, ನಿನ್ ಬಾಯಾಗೊಂದೇ ಹಂದರದೋರು. ಲಗ್ನದ ಆಸೆಗೆ ಬೆಡಗು ಬದಲಾಯಿಸೀಯಾ ಅಂತ." ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು. ಮಸಿ ಇನ್ನಷ್ಟು ಹರಡಿತು. "ಸೋಮವಾರ ಮತ್ತೆ ಬರ್ತಾರೆ. ಅಷ್ಟರಾಗೆ ರುಜುವಾತು ತೋರಿಸಬೇಕಂತೆ. ಇಲ್ದಿದ್ರೆ ವೀಳ್ಯ ವಾಪಸ್. ಅಣ್ಣ-ತಂಗಿ ಲಗ್ನಕ್ಕೆ ನಿಂತಿದ್ರು ಅನ್ನೋ ಮಾತು ಹೊತ್ತ ಹುಡುಗೀನ ಆಮ್ಯಾಕೆ ಯಾರು ಕೇಳ್ತಾರೆ?"

ಉಚ್ಚಂಗೆಪ್ಪ ಕಣ್ಣು ಮುಚ್ಚಿ ಎತ್ತಿನ ಬೆನ್ನ ಮೇಲೆ ಕೈಯಿಟ್ಟ. ತುಟಿ ಅಲ್ಲಾಡಿದವು. ಜುಂಜಪ್ಪ, ಅಜ್ಜಮ್ಮ. ಆಮೇಲೆ ಕಣ್ಣು ತೆರೆದು ಕೇಳಿದ:

"ಗುರುವಾರ ಇವತ್ತು?"

"ಹೌದು. ಬಸ್ಸಿಗೆ ಬಾ, ನನ್ ಜೊತೀಗೆ."

"ಎತ್ತು ಬಸ್ ಹತ್ತಾಕಿಲ್ಲ, ಎತ್ತಿಲ್ದೆ ನನ್ ಬಾಯಿ ಬರಾಕಿಲ್ಲ. ನೀ ಹೋಗಿರು. ಸೋಮವಾರ ಬಾಗಿಲಾಗಿರ್ತೀನಿ."

ಅವನು ನೇರ ಮೇಷ್ಟ್ರ ಮನೆಗೆ ಹೋದ. ಮೇಷ್ಟ್ರು ಜಗಲಿಯಲ್ಲಿ ಕೂತಿದ್ದರು. ಬಿಳಿಚೋಡಿನ ಸುದ್ದಿ ಅವರಿಗಾಗಲೇ ಮುಟ್ಟಿತ್ತು. ಎರಡು ದಿನದಿಂದ ಊಟ ಸೇರಿರಲಿಲ್ಲ.

"ಉಚ್ಚಂಗೆಪ್ಪ, ನಾನು ಬರೆದದ್ದು ತಪ್ಪೋ, ನೀನು ಹೇಳಿದ್ದು ತಪ್ಪೋ?"

"ಅಚ್ಚು ಹಾಕೋಕ್ಕಿಂತ ಮುಂಚೆ ಕೈಯಾಗೆ ಬರೆದ್ರಲ್ಲ, ಆ ದಪ್ಪ ಪುಸ್ತಕ. ಇಟ್ಟೀರಾ?"

"ಟ್ರಂಕಿನಲ್ಲಿದೆ."

"ಸೋಮವಾರ ಬಿಳಿಚೋಡಿಗೆ ತಗಂಬರ್ರಿ. ತಿದ್ದಬ್ಯಾಡ್ರಿ, ಒರೆಸಬ್ಯಾಡ್ರಿ. ಹೆಂಗೈತೋ ಹಂಗೇ ತರ್ರಿ."

ನ್ಯಾಮತಿಯಿಂದ ಬಿಳಿಚೋಡಿಗೆ ನಾಲ್ಕು ಹಗಲಿನ ದಾರಿ. ಎತ್ತಿಗೆ ಹನ್ನೆರಡು ವರ್ಷ. ಅದು ಸಂಘದ ಕಡತ ತಿಂದಂದಿನಿಂದ ಸ್ವಲ್ಪ ವಿಚಾರವಂತನಾಗಿ, ಪ್ರತಿ ಹಳ್ಳ ಸಿಕ್ಕಾಗಲೂ ನಿಂತು ಯೋಚಿಸುತ್ತಿತ್ತು. ಉಚ್ಚಂಗೆಪ್ಪ ಬೈಯಲಿಲ್ಲ. ಅವನೂ ಯೋಚಿಸುತ್ತಿದ್ದ. ಒಂದು ಹೆಸರನ್ನು ಹೇಳದೆ ಬಿಟ್ಟರೆ ಸತ್ತವರಿಗೆ ನಷ್ಟ ಎಂದು ಅವನು ಇಷ್ಟು ದಿನ ತಿಳಿದಿದ್ದ. ಈಗ ನೋಡಿದರೆ ಬದುಕಿರುವ ಹುಡುಗಿಯೊಬ್ಬಳು ಅದಕ್ಕೆ ಸಿಕ್ಕಿಬಿದ್ದಿದ್ದಾಳೆ. ತಾನು ಅವತ್ತೇ ಕಿಟಕಿಯ ಮುಂದೆ "ಅದ್ದಬ್ಯಾಡ್ರಿ, ಬರೀರಿ" ಎಂದಿದ್ದರೆ? ಅನ್ನಲಿಲ್ಲ. ದೊಡ್ಡವರು, ಓದಿದವರು ಎಂದುಕೊಂಡು ಸುಮ್ಮನಿದ್ದ. ತಪ್ಪಿನಲ್ಲಿ ತನ್ನದೂ ಒಂದು ಪಾಲಿತ್ತು.

ಸೋಮವಾರ ಹೊತ್ತೇರುವ ಹೊತ್ತಿಗೆ ಬಿಳಿಚೋಡಿನ ಮಿಂಚಿನವರ ಮನೆಯ ಮುಂದೆ ಗಂಟೆ ಕೇಳಿಸಿತು. ಗಂಡಿನ ಕಡೆಯವರು ಬಂದು ಜಗಲಿಯ ಮೇಲೆ ಕೂತಿದ್ದರು. ಬಂಗಾರಪ್ಪಗೌಡರು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಪಕ್ಕದಲ್ಲಿ ಮೇಷ್ಟ್ರು, ಅವರ ಕಾಲ ಬಳಿ ಟ್ರಂಕು. ಮೇಷ್ಟ್ರ ಮುಖ ಇದ್ದಿಲ ಬಸ್ಸಿನ ದಯೆಯಿಂದ ಗುರುತು ಹಿಡಿಯಲಾರದಷ್ಟು ಕಪ್ಪಾಗಿತ್ತು.

ಕೆಂಪಕ್ಕ ಎತ್ತಿಗೆ ನೀರಿನ ಬಾನಿ ತಂದಿಟ್ಟಳು. ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಅಜ್ಜ, ನನ್ ಹೆಸ್ರು ಯಾವ ಮನೆ ಬಾಗಿಲಾಗೆ ಹೇಳ್ತೀಯ?"

"ನಿನ್ ಗಂಡನ ಮನೆ ಬಾಗಿಲಾಗೆ."

"ಮರೆತರೆ?"

"ಮರೆತರೆ ಮೊದಲ್ನಿಂದ ಹೇಳ್ತೀನಿ. ಬಾನಿ ಸರಿಸು, ಎತ್ತು ಕಾಲಿಡ್ತೈತೆ."

ಉಚ್ಚಂಗೆಪ್ಪ ಕಂಬಳಿ ಹೊದ್ದು ಶುರು ಮಾಡಿದ. ಬೆನಕಪ್ಪ, "ಜುಂಜಪ್ಪನಿಂದ ಹೇಳು ಸಾಕು," ಎಂದ. ಅದು ಆಗದ ಮಾತು. ಆ ಮನೆಯ ಮೊದಲ ಮನುಷ್ಯ ಬುತ್ತಿ ಕಟ್ಟಿಕೊಂಡು ಬಂದಲ್ಲಿಂದಲೇ ಬರಬೇಕು. ಬಂದ. ಬಿಸಿಲು ಜಗಲಿಯಿಂದ ಅಂಗಳಕ್ಕೆ ಸರಿಯುವವರೆಗೆ ಮಾತು ಹರಿಯಿತು. ಕೊನೆಗೆ ಜುಂಜಪ್ಪ ಬಂದ.

"ಮಿಂಚಿನ ಬೆಡಗಿನ ಜುಂಜಪ್ಪ, ಅವ್ನಿಗೆ ಕೈ ಹಿಡಿದೋಳು ಅಜ್ಜಮ್ಮ, ಅಜ್ಜಮ್ಮನ ಹೊಟ್ಟೆಯಾಗೆ ಗಂಡಿಲ್ಲ, ಒಬ್ಳೇ ಮಗಳು ಹುಲಿಗೆಮ್ಮ, ಹುಲಿಗೆಮ್ಮಗೆ ಮನೆ ಅಳಿಯನಾಗಿ ಬಂದೋನು ಹಂದರದ ಬೆಡಗಿನ ಓಬಳಪ್ಪ. ಮನೆ ಮಿಂಚಿನೋರದ್ದು, ಮಕ್ಕಳು ಹಂದರದೋರು…"

ಗಾದ್ರಮ್ಮ ಗೋಡೆಗೆ ಒರಗಿದಳು. ಬೆನಕಪ್ಪ ಮಾತ್ರ ತಲೆಯಾಡಿಸಿದ.

"ಚೆನ್ನಾಗೈತೆ. ಆದ್ರೆ ನಾಕು ದಿನ ದಾರಿಯಾಗೆ ಬಂದೀಯ, ಬರ್ತಾ ಬರ್ತಾ ಕಟ್ಟಿದ್ದಲ್ಲ ಅಂತ ಹೆಂಗೆ ನಂಬಾನ? ಬುಕ್ಕಿನ್ಯಾಗೆ ಓಬಳಪ್ಪ ಜುಂಜಪ್ಪನ ಮಗ ಅಂತಲೇ ಐತೆ."

"ಮೇಷ್ಟ್ರೇ," ಎಂದ ಉಚ್ಚಂಗೆಪ್ಪ, "ಆ ಕೈಬರಹದ ಪುಸ್ತಕ ತೆಗೀರಿ. ಜುಂಜಪ್ಪಗೂ ಓಬಳಪ್ಪಗೂ ನಡುವೆ ಏನೈತೆ?"

ಮೇಷ್ಟ್ರು ಟ್ರಂಕು ತೆರೆದು ಹಾಳೆ ತಿರುವಿದರು. ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಮಸಿ ಬಿದ್ದದೆ."

"ಎರಡು ಹೆಣ್ಣು ಒಟ್ಟಿಗೆ ಬಂದ್ರು. ನೀವು ಎರಡು ಸಲ ಅದ್ದಿದ್ರಿ. ತಾಯಿ ಆದಮ್ಯಾಕೆ ಮಗ ಬಂದ್ರೆ ಒಂದೇ ಸಲ ಅದ್ದೋದು. ತಾಯಿ ಆದಮ್ಯಾಕೆ ಮಗಳು ಬಂದ್ರೆ ಎರಡು ಸಲ. ಹೊರಗೆ ಕೊಟ್ಟ ಹೆಣ್ಮಕ್ಕಳನ್ನ ನಾನು ಕೊನೆಗೆ ಹೇಳ್ತೀನಿ. ಮನೆ ಉಳಿಸಿದ ಮಗಳು ಮಾತ್ರ ನಡುವೆ ಬರ್ತಾಳೆ. ನೀವು ಮಸಿ ಒರೆಸ್ತಿ‍ದ್ರಿ, ಮನೆ ಅಳಿಯ ಅನ್ನೋ ಮಾತು ಅಷ್ಟರಾಗೆ ದಾಟಿ ಹೋಯ್ತು."

ಮೇಷ್ಟ್ರು ಪುಸ್ತಕ ಹಿಡಿದ ಕೈಯನ್ನೇ ನೋಡುತ್ತಿದ್ದರು. ನಾಲ್ಕು ವರ್ಷದಿಂದ ಅವರು ಆ ಮಸಿಯನ್ನು ಕೆಟ್ಟ ಲೇಖನಿಯ ಮೇಲೆ ಹೊರಿಸಿದ್ದರು.

ಬೆನಕಪ್ಪ ಎದ್ದು ಬಂದು ಆ ಪುಸ್ತಕ ಇಸಿದುಕೊಂಡ. ಅವನಿಗೆ ಓದು ಬರುತ್ತಿತ್ತು. "ಒಂದು ಮಸಿ ಯಾರಾದ್ರೂ ಚೆಲ್ಲಬಹುದು. ಇನ್ನೊಂದು ನೋಡಾನ. ಉಚ್ಚಂಗೆಪ್ಪಾ, ನೀನು ಓದಿದೋನಲ್ಲ, ಅಲ್ಲಿಂದ ನಿಂಗೆ ಕಾಣಾಕೂ ಇಲ್ಲ. ಈ ಮನೆತನದಾಗೆ ಮಸಿ ಎಲ್ಲಿ ಬಿದ್ದೈತೆ ಹೇಳು. ಸರಿ ಬಂದ್ರೆ ಇವತ್ತೇ ವೀಳ್ಯ ಇಡ್ತೀನಿ." ಹಾಳೆ ತಿರುವಿ ಒಂದು ಕಡೆ ಬೆರಳಿಟ್ಟ. ಹೆಸರು ಓದಿದ ಮೇಲೆ ದನಿ ತಗ್ಗಿಸಿದ. "ಮೊದಲನೇ ಹಾಳೆ. ನಲ್ಲೂರಿನ ಬಂಗಾರಪ್ಪಗೌಡ್ರ ಮನೆತನ."

ಗೌಡರ ಕೈ ಮೀಸೆಗೆ ಹೋಗುತ್ತಿದ್ದದ್ದು ದಾರಿಯಲ್ಲೇ ನಿಂತಿತು.

ಉಚ್ಚಂಗೆಪ್ಪ ಗೌಡರನ್ನು ನೋಡಿದ. ಗೌಡರೂ ಅವನನ್ನು ನೋಡಿದರು. ಬಾಗಿಲ ಸಂದಿಯಲ್ಲಿ ಕೆಂಪಕ್ಕನ ಬಳೆ ಸದ್ದಾಯಿತು. ಅವನು ಕಣ್ಣು ಮುಚ್ಚಿದ. ಬಾಯಿ ಬಿಟ್ಟು ಹೇಳಲಿಲ್ಲ. ಬೇರೆ ಮನೆಯ ಬಾಗಿಲಲ್ಲಿ ಹೇಳುವ ತಪ್ಪನ್ನು ಒಮ್ಮೆ ಮಾಡಿದ್ದು ಸಾಕಾಗಿತ್ತು. ತುಟಿ ಮಾತ್ರ ಅಲ್ಲಾಡಿದವು. ಒಂದೊಂದು ತಲೆಮಾರಿಗೆ ಒಂದೊಂದು ಸಲ ಗಂಟೆ ಬಾರಿಸಿದ. ಒಂದು, ಎರಡು, ಮೂರು, ನಾಲ್ಕು. ಐದನೆಯದಾದ ಮೇಲೆ ಗಂಟೆ ನಿಂತಿತು.

"ಐದನೇದು ಮುಗಿದು ಆರನೇದಕ್ಕೆ ಕಾಲಿಡೋ ಜಾಗ. ಅಲ್ಲೊಬ್ಳು ಮಗಳು."

ಬೆನಕಪ್ಪ ಬೆರಳಿಟ್ಟು ಎಣಿಸಿದ. ಎರಡನೇ ಸಲ ಎಣಿಸಿದ. ಪುಸ್ತಕವನ್ನು ಗೌಡರ ಕಡೆ ತಿರುಗಿಸಿ ಹಿಡಿದ. ಐದನೆಯ ಹೆಸರಿಗೂ ಆರನೆಯ ಹೆಸರಿಗೂ ನಡುವೆ ಹುಣಸೆ ಬೀಜದಷ್ಟು ದಪ್ಪ ಮಸಿ.

"ಗೌಡ್ರೆ, ಇದು ಹೌದೇನ್ರಿ?"

ಇಲ್ಲ ಎಂದು ಗೌಡರು ಹೇಳಬಹುದಿತ್ತು. ನಾಲ್ಕು ಸೀಮೆಯಲ್ಲಿ ಅವರ ಮಾತಿಗೆ ಎದುರು ಮಾತಿರಲಿಲ್ಲ. ಅವರು ತೊಡೆಯ ಮೇಲಿದ್ದ ಪುಸ್ತಕವನ್ನು ತೆಗೆದು ಪಕ್ಕಕ್ಕಿಟ್ಟರು. ಆ ಹೊತ್ತಿನಲ್ಲಿ ಮೀಸೆ ಎರಡು ಗೇಣು ಗಿಡ್ಡವಾಯಿತೆಂದು ಕಂಡವರು ಹೇಳುತ್ತಾರೆ.

"ಹೌದು," ಎಂದರು. "ನಮ್ಮ ಮುತ್ತಜ್ಜನ ತಂದೆ ಹೊರಗಿನಿಂದ ಬಂದೋರು ಅಂತ ನಮ್ಮಜ್ಜ ಒಂದ್ಸಲ ಅಂದಿದ್ರು. ಯಾರಿಗೂ ಹೇಳಬ್ಯಾಡ ಅಂತಲೂ ಅಂದಿದ್ರು. ಹೆಣ್ಣು ಹೆಸ್ರು ಬ್ಯಾಡ ಅಂತ ನಿಯಮ ಮಾಡಿದ್ದು ನಾನೇ. ಕಾಗದ ಒಂದು ನೆವ." ಆಮೇಲೆ ಬೆನಕಪ್ಪನ ಕಡೆ ತಿರುಗಿ, "ವೀಳ್ಯ ಇಡಪ್ಪ. ಹುಡುಗಿ ಹಂದರದೋಳು," ಎಂದರು.

ಬೆನಕಪ್ಪ ವೀಳ್ಯ ಇಟ್ಟ. ಒಳಗಿನಿಂದ ಬೆಲ್ಲ ಬಂತು. ಗಾದ್ರಮ್ಮ ಮೊರದ ತುಂಬ ಜೋಳ ತಂದು ಉಚ್ಚಂಗೆಪ್ಪನ ಚೀಲಕ್ಕೆ ಸುರಿದಳು. ಹಿಂದೆಯೇ ಬೆನಕಪ್ಪ ಬಂದು ಎತ್ತಿನ ಪಕ್ಕದಲ್ಲಿ ನಿಂತು, ಅದರ ಬೆನ್ನು ತಟ್ಟಿದ. "ಸುಗ್ಗೀಲಿ ನಮ್ ಬಾಗಿಲಿಗೆ ಬಾ, ಹೆಳವಣ್ಣ. ಬುಕ್ಕು ಗೂಟದಾಗೇ ಇರ್ಲಿ."

ಮೇಷ್ಟ್ರು ಮಾತ್ರ ಕೈಬರಹದ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಮಸಿ ಎಣಿಸುತ್ತಿದ್ದರು. ಹನ್ನೊಂದು. ಹನ್ನೊಂದು ಮನೆ ಉಳಿಸಿದ ಹನ್ನೊಂದು ಹೆಣ್ಣುಮಕ್ಕಳು, ಮುಖವಿಲ್ಲದೆ ಹಾಳೆಯ ಮೇಲೆ ಕೂತಿದ್ದರು. ಕೊನೆಯ ಹಾಳೆಗೆ ಬಂದಾಗ ಅವರು ಯಾರೂ ಕೇಳದೆಯೇ ಜೇಬಿನಿಂದ ಲೇಖನಿ ತೆಗೆದರು. ಟ್ರಂಕಿನಲ್ಲಿದ್ದ ದೌತಿಯಲ್ಲಿ ಒಮ್ಮೆ ಮಾತ್ರ ಅದ್ದಿ, 'ಸಂತಾನವಿಲ್ಲ' ಎಂಬುದನ್ನು ಹೊಡೆದು, ಚೌಡಮ್ಮ ಎಂದು ಬರೆದು, ಒಣಗಲಿ ಎಂದು ಊದಿದರು. ಎತ್ತಿನ ಮೇಲಿಂದ ಉಚ್ಚಂಗೆಪ್ಪ ಅದನ್ನು ನೋಡಿದ. ಓದಲು ಬಾರದಿದ್ದರೂ ಅದೇನೆಂದು ಅವನಿಗೆ ತಿಳಿಯಿತು.

ಹೊರಡುವ ಹೊತ್ತಿಗೆ ಬಂಗಾರಪ್ಪಗೌಡರು ಅಂಗಳಕ್ಕೆ ಇಳಿದು ಬಂದರು. ರುಮಾಲು ಬಿಗಿ ಮಾಡಿಕೊಂಡಿದ್ದರು.

"ಉಚ್ಚಂಗೆಪ್ಪ, ಇಳಿ ಕೆಳಗೆ. ಒಂದು ಹೆಸ್ರು ತಪ್ಪಿದ್ರೆ ನಿನ್ನ ಎತ್ತಿನ ಮೇಲೆ ಹಿಂದುಮುಂದಾಗಿ ಕೂರ್ತೀನಿ ಅಂದಿದ್ದೆ. ನಾಕು ಸೀಮೆ ಕೇಳಿಸಿಕಂಡೈತೆ. ಕೊಟ್ಟ ಮಾತು."

ಉಚ್ಚಂಗೆಪ್ಪ ಇಳಿಯಲಿಲ್ಲ. ಕಂಬಳಿ ಸರಿಮಾಡಿಕೊಂಡ.

"ತಪ್ಪಿದ ಹೆಸ್ರು ಯಾವುದು ಗೌಡ್ರೆ? ಅದನ್ನ ಹೇಳಿ ಹತ್ರಿ."

ಗೌಡರು ಬಾಯಿ ತೆರೆದರು. ಹತ್ತು ತಲೆಮಾರಿನ ಗಂಡಸರು ನಾಲಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದರು. ಆಕೆಯ ಹೆಸರು ಮಾತ್ರ ಬರಲಿಲ್ಲ. ಗೊತ್ತಿದ್ದರೆ ತಾನೇ.

"ನಂಗೆ ಗೊತ್ತಿಲ್ಲಪ್ಪ," ಎಂದರು ಕೊನೆಗೆ. "ನಿಂಗೆ ಗೊತ್ತೈತಲ್ಲ. ಹೇಳು. ಮೇಷ್ಟ್ರು ಈಗಲೇ ಬರ್ಕಂತಾರೆ."

ಮೇಷ್ಟ್ರು ಜಗಲಿಯ ಮೇಲೆ ಲೇಖನಿ ಎತ್ತಿ ಹಿಡಿದು ಕಾದರು. ಉಚ್ಚಂಗೆಪ್ಪ ಎತ್ತಿನ ಮುಖವನ್ನು ನಿಧಾನವಾಗಿ ದಾರಿಯ ಕಡೆ ತಿರುಗಿಸಿದ.

"ನಡುವಿಂದ ಹೇಳಾಕೆ ನಂಗೆ ಬರಾಕಿಲ್ರೀ ಗೌಡ್ರೆ. ಸುಗ್ಗಿಗೆ ನಿಮ್ ಬಾಗಿಲಿಗೆ ಬರ್ತೀನಿ, ಮೊದಲ್ನಿಂದ ಹೇಳ್ತೀನಿ. ಎತ್ತಿಗೆ ಒಂದು ಹೊರೆ ಹುಲ್ಲು ಇಟ್ಟಿರ್ರಿ, ಇಲ್ದಿದ್ರೆ ಇದು ನಿಮ್ ಪುಸ್ತಕ ತಿಂತೈತೆ."